ಎಸ್‌ಎಲ್‌ಆರ್ ಕೈಕೊಡಲ್ಲ ಅನ್ನೋ ಮಾತು

"ಎಸ್‌ಎಲ್‌ಆರ್ ಯಾವತ್ತೂ ಕೈಕೊಡಲ್ಲ." ಈ ಮಾತನ್ನ ನಾನು ಎರಡು ಜಾಗದಲ್ಲಿ ಕೇಳಿದ್ದೀನಿ. ಒಂದು, ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ, ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಕ್ಯಾಂಪಿನಲ್ಲಿ ಐದೇ ಐದು ಗುಂಡು ಹೊಡೆದು ಬಂದ ಸಹೋದ್ಯೋಗಿಗಳಿಂದ. ಇನ್ನೊಂದು, ನಮ್ಮೂರು ಮಂಚೇನಹಳ್ಳಿಯ ಹೋಟೆಲಿನಲ್ಲಿ, ರಿಟೈರ್ ಆದ ಪೊಲೀಸರಿಂದ. ಎರಡೂ ಕಡೆ ಮಾತು ಒಂದೇ ದಾರಿಯಲ್ಲಿ ಸಾಗುತ್ತೆ: ಎಸ್‌ಎಲ್‌ಆರ್ ಕಬ್ಬಿಣ, ಇನ್ಸಾಸ್ ಪ್ಲಾಸ್ಟಿಕ್, ಎಸ್‌ಎಲ್‌ಆರ್ ಗಂಡುಗಲಿ, ಇನ್ಸಾಸ್ ಆಟದ ಸಾಮಾನು. ಆಮೇಲೆ ಯಾರಾದರೊಬ್ಬರು ತಮ್ಮ ತಂದೆಯ ಹಳೇ ಬುಲೆಟ್ ಬೈಕನ್ನ ನೆನಪಿಸಿಕೊಳ್ತಾರೆ. ಅದೇನೂ ಕಾಕತಾಳೀಯ ಅಲ್ಲ. ಕೋವಿಯ ಹಾಗೆ ಕಟ್ಟಿದ ಗಾಡಿ ಅನ್ನೋದೇ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಳೇ ಜಾಹೀರಾತು. ಆ ಬೈಕಿನ ಕೆಳಗೆ ಎಂಜಿನ್ ಆಯಿಲ್ ಸೋರಿ ನೆಲ ಕಪ್ಪಾಗಿದ್ದದ್ದು ಮಾತ್ರ ಯಾರಿಗೂ ನೆನಪಾಗಲ್ಲ.

ಈ ಮಾತಿನ ಮೇಲೆ ನನಗೆ ತಕರಾರಿದೆ. ಎಸ್‌ಎಲ್‌ಆರ್ ಕೆಟ್ಟ ಕೋವಿ ಅನ್ನೋ ತಕರಾರಲ್ಲ. 'ಕೈಕೊಡೋದು' ಅಂದ್ರೆ ಏನು ಅಂತ ಯಾರೂ ಹೇಳಲ್ಲ ಅನ್ನೋದೇ ನನ್ನ ತಕರಾರು. ಗುರಿ ಸ್ಪರ್ಧೆಯ ವಿಷಯಕ್ಕೆ ಬಂದಾಗ ಈ ಅಸ್ಪಷ್ಟತೆಯಿಂದ ಬಡವರ ಮಕ್ಕಳಿಗೆ ನಷ್ಟ ಆಗುತ್ತೆ. ಅದಕ್ಕೇ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದದ್ದು ಹೆಚ್ಚಾಗಿ .303, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕಾದ ಕೋವಿ. ಅದಾದ ಮೇಲೆ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ ಬಂದದ್ದು 7.62 ಮಿ.ಮೀ.ನ ಸೆಲ್ಫ್ ಲೋಡಿಂಗ್ ರೈಫಲ್, ಅಂದ್ರೆ ಎಸ್‌ಎಲ್‌ಆರ್. ಮೂಲ ವಿನ್ಯಾಸ ಬೆಲ್ಜಿಯಂನ ಎಫ್‌ಎನ್ ಕಂಪನಿಯದು. 90ಕ್ಕೂ ಹೆಚ್ಚು ದೇಶಗಳು ಬಳಸಿದ ವಿನ್ಯಾಸ. ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು ಹೋಗುತ್ತೆ. ಗುಂಡಿನ ಹಿಂದಿನ ಗ್ಯಾಸ್‌ನಲ್ಲಿ ಸ್ವಲ್ಪ ಭಾಗ ಪಿಸ್ಟನ್ನನ್ನ ಹಿಂದಕ್ಕೆ ತಳ್ಳಿ, ಖಾಲಿ ಕೇಸನ್ನ ಹೊರಗೆಸೆದು, ಮುಂದಿನ ಗುಂಡನ್ನ ತಾನೇ ಚೇಂಬರಿಗೆ ತುಂಬುತ್ತೆ. ಮ್ಯಾಗಜೀನಿನಲ್ಲಿ 20 ಗುಂಡು. ಎನ್‌ಸಿಸಿ ಮಾಡಿದವರಿಗೆ ಇದೆಲ್ಲ ಬಾಯಿಪಾಠ. ಎಫೆಕ್ಟಿವ್ ರೇಂಜ್ 300 ಗಜ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾರೆ. ಆದರೆ ಈ ಕೋವಿಯ ನಳಿಗೆ ಎಷ್ಟು ಗುಂಡಿಗೆ ಸವೆಯುತ್ತೆ ಅನ್ನೋ ಪ್ರಶ್ನೆ ನಾನು ಬರೆದ ಪರೀಕ್ಷೆಯಲ್ಲಿ ಬರಲಿಲ್ಲ, ಕ್ಲಾಸಿನಲ್ಲೂ ಬರಲಿಲ್ಲ.

ಯುದ್ಧದಲ್ಲಿ ಕೋವಿ ಕೈಕೊಡೋದು ಅಂದ್ರೆ ನಿಂತುಹೋಗೋದು. ಟ್ರಿಗರ್ ಒತ್ತಿದಾಗ ಗುಂಡು ಹಾರಬೇಕು, ಮುಂದಿನದು ತುಂಬಿಕೊಳ್ಳಬೇಕು. ಗುಂಡು ಒಂದು ಗೇಣು ಪಕ್ಕಕ್ಕೆ ಹೋದರೂ ಎದುರಿನವನು ತಲೆ ಬಗ್ಗಿಸ್ತಾನೆ, ಕೆಲಸ ನಡೀತು. ಸ್ಪರ್ಧೆಯಲ್ಲಿ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ ಕೋವಿ ನಿಂತುಹೋದರೆ ಕೈ ಎತ್ತಬಹುದು. ಅಮೆರಿಕದ ಸರ್ವಿಸ್ ರೈಫಲ್ ಪಂದ್ಯಗಳಲ್ಲಿ ಇದಕ್ಕೆ 'ಅಲಿಬೈ' ಅಂತಲೇ ಹೆಸರು, ಮತ್ತೆ ಹೊಡೆಯೋ ಅವಕಾಶ ಸಿಗುತ್ತೆ. ಗುಂಡು ಒಂದು ಗೇಣು ಪಕ್ಕಕ್ಕೆ ಹೋದರೆ ಮಾತ್ರ ಯಾವ ಅಲಿಬೈ ಕೂಡ ಇಲ್ಲ. ಸ್ಕೋರ್ ಬೋರ್ಡಿನ ಮೇಲೆ ಅದು ನಿನ್ನ ತಪ್ಪು.

ಅಂದ್ರೆ ಸ್ಪರ್ಧೆಯ ಕೋವಿ ನಿಂತುಹೋಗೋಕೆ ಎಷ್ಟೋ ಮೊದಲೇ ಸತ್ತಿರುತ್ತೆ. ಸದ್ದು ಮಾಡುತ್ತೆ, ಕೇಸ್ ಎಸೆಯುತ್ತೆ, ಮತ್ತೆ ತುಂಬಿಕೊಳ್ಳುತ್ತೆ, ನೋಡೋಕೆ ಎಲ್ಲ ಸರಿ. ಗುಂಡು ಮಾತ್ರ ಹೇಳಿದ ಕಡೆ ಹೋಗಲ್ಲ. ಎಸ್‌ಎಲ್‌ಆರ್ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಕಾರಣ ಅದರ ಅತಿ ಜಾಣ ಭಾಗ: ಗ್ಯಾಸ್ ರೆಗ್ಯುಲೇಟರ್.

ಇದನ್ನ ನನಗೆ ಬಿಡಿಸಿ ಹೇಳಿದ್ದು ನಮ್ಮ ಮಾಮ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಇದ್ದವರು, ಬಹಳ ವರ್ಷ ಕೋತಿನಲ್ಲಿ ಕೆಲಸ ಮಾಡಿದವರು. (ಕೋತ್ ಅಂದ್ರೆ ಶಸ್ತ್ರಾಗಾರ. ಮಂಗನಿಗೂ ಅದಕ್ಕೂ ಸಂಬಂಧ ಇಲ್ಲ.) ಎಸ್‌ಎಲ್‌ಆರ್ ನಳಿಗೆಯ ಮೇಲೆ, ಮುಂದಿನ ಭಾಗದಲ್ಲಿ, ಅಂಕಿ ಇರೋ ಒಂದು ಸಣ್ಣ ತಿರುಪು ಬಳೆ ಇದೆ. ಅದನ್ನ ತೆರೆದರೆ ಗ್ಯಾಸ್ ಹೆಚ್ಚಾಗಿ ಹೊರಗೆ ಹೋಗುತ್ತೆ, ಮುಚ್ಚಿದರೆ ಹೆಚ್ಚಾಗಿ ಪಿಸ್ಟನ್ ಕಡೆ ಹೋಗುತ್ತೆ. ಸರಿಯಾದ ಕ್ರಮ ಏನಂದ್ರೆ, ಪೂರ್ತಿ ತೆರೆದು, ಒಂದೊಂದೇ ಕ್ಲಿಕ್ ಮುಚ್ಚುತ್ತಾ, ಒಂದೊಂದೇ ಗುಂಡು ಹೊಡೆದು ನೋಡಬೇಕು. ಕೋವಿ ಸರಾಗವಾಗಿ ಕೇಸ್ ಎಸೆದು ತುಂಬಿಕೊಳ್ಳೋಕೆ ಶುರು ಮಾಡಿದ ಜಾಗದಿಂದ ಇನ್ನೆರಡು ಕ್ಲಿಕ್ ಮುಚ್ಚಿ ಬಿಡಬೇಕು. ಆ ಎರಡು ಕ್ಲಿಕ್, ಧೂಳು, ಮಸಿ, ಚಳಿಗೆ ಅಂತ ಇಟ್ಟ ಮೀಸಲು.

"ಈಗ ಕೇಳು," ಅಂದ್ರು ಮಾಮ. "ಕೋವಿ ಹಳೇದಾಗ್ತೈತೆ. ಪಿಸ್ಟನ್ ಸವೀತೈತೆ, ಚೇಂಬರ್ ಒರಟಾಗ್ತೈತೆ. ಒಂದಿನ ಸ್ಟಾಪೇಜ್ ಬರ್ತೈತೆ. ಕಾನ್‌ಸ್ಟೇಬಲ್ ಏನ್ ಮಾಡ್ತಾನೆ? ಇನ್ನೊಂದ್ ಕ್ಲಿಕ್ ಮುಚ್ತಾನೆ. ಓಡ್ತೈತೆ. ಆರ್ ತಿಂಗ್ಳಾದ್ಮೇಲೆ ಇನ್ನೊಂದ್ ಕ್ಲಿಕ್. ಹಂಗೇ ಓಡ್ತಾನೇ ಇರ್ತೈತೆ. ಎಲ್ರೂ ಏನಂತಾರೆ? ಎಸ್‌ಎಲ್‌ಆರ್ ಕೈಕೊಡಲ್ಲ ಅಂತಾರೆ."

ಸಾಫ್ಟ್‌ವೇರ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತಿರೋ ಕಾಯಿಲೆ. ಸರ್ವಿಸ್ ಬಿದ್ದುಹೋದಾಗೆಲ್ಲ ತಾನೇ ರೀಸ್ಟಾರ್ಟ್ ಆಗೋ ಹಾಗೆ ಮಾಡಿಟ್ಟರೆ ಡ್ಯಾಶ್‌ಬೋರ್ಡ್ ವರ್ಷಪೂರ್ತಿ ಹಸಿರಾಗೇ ಇರುತ್ತೆ. ಮೆಮೊರಿ ಸೋರ್ತಿರೋದು ಯಾರಿಗೂ ಕಾಣಲ್ಲ. ರೆಗ್ಯುಲೇಟರ್ ಯುದ್ಧಕ್ಕೆ ವರ. ಸ್ಪರ್ಧೆಯವನಿಗೆ ಅದು ಕೋವಿಯ ವಯಸ್ಸನ್ನ ಮುಚ್ಚಿಡೋ ಮುಸುಕು. ಸಾಲದ್ದಕ್ಕೆ, ಮುಚ್ಚಿದಷ್ಟೂ ಒಳಗಿನ ಭಾಗಗಳು ಜೋರಾಗಿ ಬಡಿದುಕೊಳ್ತವೆ, ಸವಕಲು ಇನ್ನೂ ಬೇಗ.

ಇನ್ನು ಗುರಿಯ ವಿಚಾರ. ಎಸ್‌ಎಲ್‌ಆರ್‌ನಲ್ಲಿ ಮುಂದಿನ ಸೈಟ್ ನಳಿಗೆಯ ಕಡೆ ಇದೆ. ಹಿಂದಿನ ಸೈಟ್ ಇರೋದು ಕೆಳಗಿನ ಭಾಗದಲ್ಲಿ, ಅಂದ್ರೆ ಟ್ರಿಗರ್, ಬಟ್ ಇರೋ ಕಡೆ. ಎರಡೂ ಭಾಗ ಸೇರೋದು ಒಂದು ಕೀಲು ಮತ್ತು ಒಂದು ಚಿಲಕದಿಂದ. ಸ್ವಚ್ಛ ಮಾಡೋಕೆ ಕೋವಿಯನ್ನ ಮಧ್ಯಕ್ಕೆ ಮಡಚಿ ತೆಗೀತಾರಲ್ಲ, ಅದೇ ಕೀಲು. ವರ್ಷಗಟ್ಟಲೆ ತೆರೆದು ಮುಚ್ಚಿದ ಮೇಲೆ ಅದರಲ್ಲಿ ಕೂದಲೆಳೆಯಷ್ಟು ಆಟ ಬರುತ್ತೆ. ಕೂದಲೆಳೆ ಆಟ ಸೈಟ್‌ನಲ್ಲಿ ಬಂದರೆ 300 ಗಜದಲ್ಲಿ ಎಷ್ಟಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಬೆಳಿಗ್ಗೆ ಜೀರೋ ಮಾಡಿದ ಕೋವಿ ಒಂದು ಸಲ ಬಿಚ್ಚಿ ಒರೆಸಿದ ಮೇಲೆ ಮಧ್ಯಾಹ್ನ ಬೇರೆ ಕಡೆ ಹೊಡೆಯುತ್ತೆ.

ಬೋಲ್ಟ್ ಬೀಗ ಹಾಕಿಕೊಳ್ಳೋ ಕ್ರಮವೂ ಹಾಗೇ. ಅದರ ಹಿಂಭಾಗ ಕೆಳಗೆ ವಾಲಿ ಒಂದು ಉಕ್ಕಿನ ತುಂಡಿಗೆ ಒರಗಿ ನಿಲ್ಲುತ್ತೆ. ಲಾಕಿಂಗ್ ಶೋಲ್ಡರ್ ಅಂತಾರೆ. ಸವೆದಾಗ ಬದಲಾಯಿಸೋಕೆ ಬೇರೆ ಬೇರೆ ಅಳತೆಯ ತುಂಡುಗಳೇ ಇವೆ. ವಿನ್ಯಾಸ ಮಾಡಿದವರಿಗೆ ಇದು ಸವೆಯುತ್ತೆ ಅಂತ ಮೊದಲೇ ಗೊತ್ತಿತ್ತು. ಕೈಕೊಡಲ್ಲ ಅಂತ ಅವರು ಎಲ್ಲೂ ಹೇಳಲಿಲ್ಲ, ಅಳೆದು ಬದಲಾಯಿಸಿ ಅಂದ್ರು. ಆ ಕೆಲಸ ಜಿಲ್ಲೆಯ ಕೋತಿನಲ್ಲಿ ಆಗೋದಲ್ಲ, ಮೇಲಿನ ವರ್ಕ್‌ಶಾಪಿಗೆ ಕಳಿಸಬೇಕು. ಕಳಿಸೋಕೆ ಕಾರಣ ಬರೀಬೇಕು. ಓಡ್ತಿರೋ ಕೋವಿಗೆ ಏನಂತ ಕಾರಣ ಬರೆಯೋದು?

ನಳಿಗೆ ಸವೆಯೋದು ಎಲ್ಲರಿಗೂ ಗೊತ್ತಿರೋ ವಿಷಯ ಅಂದುಕೊಂಡಿದ್ದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಬಿಸಿ ಗ್ಯಾಸ್ ಚೇಂಬರಿನ ಮುಂದಿನ ಭಾಗವನ್ನ ತಿನ್ನುತ್ತೆ. ಈ ಅಳತೆಯ ಮದ್ದಿಗೆ ಪಂದ್ಯದ ಮಟ್ಟದ ನಿಖರತೆ ಸುಮಾರು 5000 ಗುಂಡಿನವರೆಗೆ ಅಂತ ಸ್ಪರ್ಧಿಗಳು ಲೆಕ್ಕ ಇಟ್ಟುಕೊಳ್ತಾರೆ. ಅದಾದ ಮೇಲೂ ಕೋವಿ ಸಾವಿರಾರು ಗುಂಡು ಹೊಡೆಯುತ್ತೆ, ಗುರಿ ಮಾತ್ರ ಚದುರುತ್ತಾ ಹೋಗುತ್ತೆ. ನಮ್ಮಲ್ಲಿ ಇನ್ನೆರಡು ಸೇರಿಕೊಳ್ತವೆ. ಒಂದು, ಫೈರಿಂಗ್ ದಿನ ಅದೇ ಕೋವಿಯನ್ನ ಒಬ್ಬರಾದ ಮೇಲೆ ಒಬ್ಬರು ಹೊಡೀತಾ ಹೋಗ್ತಾರೆ, ನಳಿಗೆಗೆ ಆರೋಕೆ ಬಿಡುವೇ ಇಲ್ಲ. ಇನ್ನೊಂದು, ಸ್ವಚ್ಛತೆ. ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಎಳೆಯೋವಾಗ ಹಗ್ಗ ಓರೆಯಾಗಿ ನಳಿಗೆಯ ಬಾಯಿಗೆ ಉಜ್ಜುತ್ತೆ. ನಳಿಗೆಯ ಬಾಯಿ ಅಂದ್ರೆ ಗುಂಡು ಕೋವಿಯನ್ನ ಬಿಟ್ಟು ಹೋಗೋ ಕೊನೇ ಅಂಚು, ಅದು ಒಂದು ಕಡೆ ಸವೆದರೆ ಮುಗೀತು. ಅತಿಯಾಗಿ ಒರೆಸಿ ಕೆಡಿಸೋದು ಅನ್ನೋದೂ ಇದೆ. ಆಯುಧ ಪೂಜೆ ದಿನ ಫಳಫಳ ಹೊಳೆಯೋ ಕೋವಿ ಒಳ್ಳೆ ಕೋವಿ ಅಂತ ಅರ್ಥ ಅಲ್ಲ.

ಇಷ್ಟು ಹೇಳಿದ ಮೇಲೆ ಇನ್ಸಾಸ್‌ಗೂ ನ್ಯಾಯ ಮಾಡಬೇಕು. 1990ರ ದಶಕದಲ್ಲಿ ಸೇನೆಗೆ ಬಂದ 5.56 ಮಿ.ಮೀ. ಕೋವಿ ಇದು. 1999ರ ಕಾರ್ಗಿಲ್‌ನಲ್ಲಿ ಚಳಿಗೆ ಪ್ಲಾಸ್ಟಿಕ್ ಮ್ಯಾಗಜೀನ್ ಸೀಳಿತು, ಕೋವಿ ಸಿಕ್ಕಿಹಾಕಿಕೊಳ್ತು ಅನ್ನೋ ದೂರುಗಳು ಬಂದವು. 2005ರಲ್ಲಿ ನೇಪಾಳದ ಸೇನೆಯೂ ದೂರಿತು. ಆ ದೂರುಗಳನ್ನ ನಾನು ಸುಳ್ಳು ಅನ್ನಲ್ಲ. ಪ್ರಾಣ ಪಣಕ್ಕಿಟ್ಟವರ ಮಾತು ಅದು. ಆದರೆ ಆ ದೂರುಗಳಿಂದ ಹುಟ್ಟಿದ ಹೆಸರು ಮುಂದೆ ಕೋವಿಯ ಎಲ್ಲ ಗುಣದ ಮೇಲೂ ಕೊಟ್ಟ ತೀರ್ಪಾಗಿ ನಿಂತುಬಿಡ್ತು. ಕ್ಯಾಂಟೀನಿನಲ್ಲಿ ಇನ್ಸಾಸ್ ಬೈಯ್ಯೋವರ್ಯಾರೂ ಅದನ್ನ 300 ಗಜದಲ್ಲಿ ಹೊಡೆದು ಗ್ರೂಪ್ ಅಳೆದವರಲ್ಲ.

ಹೆಸರು ಮತ್ತು ಗುಣ ಹೇಗೆ ಬೇರೆ ಬೇರೆ ದಾರಿ ಹಿಡೀತವೆ ಅನ್ನೋದಕ್ಕೆ ಅಮೆರಿಕದಲ್ಲಿ ಒಂದು ಪೂರ್ತಿ ಕಥೆ ಇದೆ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಎಂ-16 ಕೋವಿ ಜಾಮ್ ಆಗಿ ಸೈನಿಕರು ಸತ್ತರು. ಅಲ್ಲಿನ ಸಂಸತ್ತಿನ ಸಮಿತಿ 1967ರಲ್ಲಿ ವಿಚಾರಣೆ ಮಾಡಿತು. ಮದ್ದಿನ ಪುಡಿ ಬದಲಾಯಿಸಿದ್ದರು, ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ಸ್ವಚ್ಛ ಮಾಡೋ ಸಾಮಾನನ್ನೇ ಸರಿಯಾಗಿ ಕೊಟ್ಟಿರಲಿಲ್ಲ. ಆ ಕಾಲದಲ್ಲಿ ಓಹಾಯೊದ ಕ್ಯಾಂಪ್ ಪೆರಿಯಲ್ಲಿ, ಅಂದ್ರೆ 1907ರಿಂದ ಅವರ ರಾಷ್ಟ್ರೀಯ ಪಂದ್ಯ ನಡೆಯೋ ಮೈದಾನದಲ್ಲಿ, ಗಂಡುಗಲಿ ಅಂದ್ರೆ ಮರ ಮತ್ತು ಉಕ್ಕಿನ ಎಂ-14. ಮೂವತ್ತು ವರ್ಷ ಆದ ಮೇಲೆ, 1990ರ ದಶಕದಲ್ಲಿ, ಅದೇ ಮೈದಾನದಲ್ಲಿ ಎಂ-14 ಹಿಂದೆ ಬಿತ್ತು, ಎಂ-16ರ ವಂಶದ ಕೋವಿಗಳು ಗೆಲ್ಲೋಕೆ ಶುರು ಮಾಡಿದವು. ಎಂ-14ನ್ನ ಪಂದ್ಯಕ್ಕೆ ಸಜ್ಜು ಮಾಡೋಕೆ ಮರದೊಳಗೆ ಅಂಟು ತುಂಬಿ ಕೂರಿಸಬೇಕಿತ್ತು, ಅದು ಸಡಿಲ ಆದಾಗೆಲ್ಲ ಮತ್ತೆ ಮಾಡಿಸಬೇಕಿತ್ತು. ಎಂ-16ರಲ್ಲಿ ನಳಿಗೆ, ಎರಡೂ ಸೈಟ್ ಮೇಲಿನ ಒಂದೇ ಭಾಗದಲ್ಲಿವೆ. ನಳಿಗೆ ಸವೆದರೆ ಬಿಚ್ಚಿ ಇನ್ನೊಂದು ಹಾಕಿದರೆ ಆಯ್ತು. ಅಲ್ಲಿ ಒಂದು ಕಾಲಕ್ಕೆ ಪ್ಲಾಸ್ಟಿಕ್ ಆಟದ ಸಾಮಾನು ಅಂತ ಬೈಸಿಕೊಂಡಿದ್ದೂ ಇದೇ ಕೋವಿ.

ಅಲ್ಲಿಯ ಸ್ಪರ್ಧಿಗೆ ಇನ್ನೊಂದು ಅನುಕೂಲ ಇದೆ, ಕೋವಿ ಅವನದೇ. ಜೇಬಿನಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಈ ನಳಿಗೆಯಲ್ಲಿ ಎಷ್ಟು ಗುಂಡು ಹೋಯ್ತು, ಯಾವ ದಿನ ಗಾಳಿ ಹೇಗಿತ್ತು, ಸೈಟ್ ಎಷ್ಟು ತಿರುಗಿಸಿದೆ ಅಂತ ಬರೀತಾನೆ. ನಮ್ಮಲ್ಲಿ ಅದು ಸಾಧ್ಯ ಇಲ್ಲ. 7.62 ಆಗಲಿ .303 ಆಗಲಿ ನಾಗರಿಕರಿಗೆ ನಿಷೇಧಿತ ಬೋರ್. ಇದು ಬದಲಾಗಬೇಕು ಅಂತಲೂ ನಾನು ಹೇಳ್ತಿಲ್ಲ. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ಮೇಲೆ ಬ್ರಿಟನ್, 1996ರ ಪೋರ್ಟ್ ಆರ್ಥರ್ ಆದ ಮೇಲೆ ಆಸ್ಟ್ರೇಲಿಯಾ, ಇಂಥ ಕೋವಿಗಳನ್ನ ನಾಗರಿಕರ ಕೈಯಿಂದ ವಾಪಸ್ ತಗೊಂಡವು, ಕಾರಣ ಇತ್ತು. ನಮ್ಮ ಕಡೆಗೂ ಒಂದು ನೆನಪಿದೆ. ಗೌರಿಬಿದನೂರಿನ ಆಚೆ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಕೋವಿ ಕೈಕೊಡಲ್ಲ ಅನ್ನೋದು ನಮ್ಮ ಅಜ್ಜಿಯ ಕಾಲದವರಿಗೆ ಹೊಗಳಿಕೆ ಅಂತ ಕೇಳಿಸ್ತಿರಲಿಲ್ಲ.

ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಅಲ್ಲಿರೋದು ಸೆಮಿ ಆಟೋಮ್ಯಾಟಿಕ್ ಅಲ್ಲ, ಸೇನೆಯ ಕೋವಿಯೂ ಅಲ್ಲ. ಆದರೆ ಮನೆಯ ಕೋವಿ. ಅದು ಎಡಕ್ಕೆ ಎಳೆಯುತ್ತಾ ಬಲಕ್ಕೆ ಎಳೆಯುತ್ತಾ ಅಂತ ಮನೆಯವರಿಗೆ ಗೊತ್ತಿರುತ್ತೆ. ತೆಂಗಿನಕಾಯಿ ತಪ್ಪಿದರೆ ತಪ್ಪು ಯಾರದ್ದು ಅನ್ನೋದೂ ಗೊತ್ತಿರುತ್ತೆ.

ಕರ್ನಾಟಕದಲ್ಲಿ ಸೆಮಿ ಆಟೋಮ್ಯಾಟಿಕ್ ಸರ್ವಿಸ್ ರೈಫಲ್ ಹಿಡಿದು ಸ್ಪರ್ಧೆಗೆ ಇಳಿಯೋರು ಪೊಲೀಸರು, ಸೇನೆಯವರು. ಅವರಿಗೆ ಕೋವಿ ಬರೋದು ಕೋತಿನಿಂದ, ಬಟ್ ನಂಬರ್ ಮೇಲೆ. ಪೊಲೀಸರಿಗಂತೂ ಸೇನೆ ಬಳಸಿ ಬಿಟ್ಟ ತಲೆಮಾರಿನ ಕೋವಿಗಳು ದಶಕಗಟ್ಟಲೆ ಕೆಲಸ ಮಾಡ್ತವೆ. ಉತ್ತರ ಪ್ರದೇಶದ ಪೊಲೀಸರು.303ಕ್ಕೆ ಬೀಳ್ಕೊಡುಗೆ ಕೊಟ್ಟದ್ದೇ 2020ರಲ್ಲಿ. ಆ ಕೋವಿ ಇಲ್ಲಿಗೆ ಬರೋ ಮೊದಲು ಎಲ್ಲೆಲ್ಲಿ ಎಷ್ಟು ಹೊಡೆದಿತ್ತೋ, ಹೊಡೆಯೋವನಿಗೆ ಯಾರೂ ಹೇಳಲ್ಲ.

ಮಾಮನ ಜೊತೆ ಕೆಲಸ ಮಾಡಿದ ಒಬ್ಬರಿದ್ದರು, ನಮ್ಮ ಪಕ್ಕದ ಹಳ್ಳಿಯವರೇ. ಯಾವ ಜಿಲ್ಲೆಯಲ್ಲಿದ್ದರು ಅಂತ ಬರೆಯಲ್ಲ. ಕಡಲೆಕಾಯಿ ಹೊಲದವರ ಮಗ, ಕಾನ್‌ಸ್ಟೇಬಲ್. .22ರಲ್ಲಿ ಚೆನ್ನಾಗಿ ಹೊಡೀತಿದ್ದರು. ಜಿಲ್ಲಾ ತಂಡದ ಆಯ್ಕೆಗೆ ಎಸ್‌ಎಲ್‌ಆರ್ ಕೊಟ್ಟಾಗ ಅವರ ಪಾಲಿಗೆ ಬಂದದ್ದು ಬಟ್ ನಂಬರ್ 14. ಐದು ಗುಂಡು ಐದು ಕಡೆ ಹೋಯ್ತು. "ಸಾರ್, ಬೇರೆ ಕೋವಿ ಕೊಡಿ" ಅಂದರು. ಕೋವಿಗೆ ಏನಾಗಿದೆ, ಓಡ್ತಾ ಇದೆಯಲ್ಲ, ಒಂದು ಸ್ಟಾಪೇಜೂ ಬಂದಿಲ್ಲವಲ್ಲ ಅನ್ನೋ ಉತ್ತರ ಬಂತು. ಆಯ್ಕೆ ಮುಗೀತು. ಎರಡು ತಿಂಗಳು ಬಿಟ್ಟು ವಾರ್ಷಿಕ ಫೈರಿಂಗ್‌ನಲ್ಲಿ, ಜಿಲ್ಲೆಗೆ ಒಳ್ಳೆ ಹೊಡೆತಗಾರ ಅನ್ನಿಸಿಕೊಂಡವನ ಕೈಗೆ ಅದೇ 14 ಬಂತು, ಅವನದೂ ಚದುರಿತು. ಆಗ ಕೋವಿಯನ್ನ ಪಕ್ಕಕ್ಕೆ ಇಟ್ಟರು. ಕಾನ್‌ಸ್ಟೇಬಲ್‌ನ ಸ್ಕೋರ್ ಶೀಟ್ ಮಾತ್ರ ಹಾಗೇ ಉಳೀತು. ತಂಡ ಸೇರಿದ್ದರೆ ರಾಜ್ಯ ಮಟ್ಟ, ಪ್ರಾಕ್ಟೀಸಿಗೆ ಅಂತ ಗುಂಡು, ಮೆಡಲ್ ಬಂದರೆ ಸರ್ವಿಸ್ ರೆಕಾರ್ಡಿನಲ್ಲಿ ಒಂದು ಒಳ್ಳೆ ಸಾಲು. ಅದ್ಯಾವುದೂ ಆಗಲಿಲ್ಲ. ಅವರು ಮತ್ತೆ ಆಯ್ಕೆಗೆ ಹೋಗಲಿಲ್ಲ. "ನಂಗೆ ದೊಡ್ ಕೋವಿ ಬರಲ್ಲ ಬಿಡಣ್ಣ" ಅಂತ ಮಾಮನ ಹತ್ತಿರ ಅಂದಿದ್ದರಂತೆ. ನನಗೆ ಸಿಟ್ಟು ಬರೋದು ಆ ಮಾತಿಗೆ. ಕೋವಿಯ ರೋಗವನ್ನ ಮನುಷ್ಯ ತನ್ನ ಮೈಗೆ ಹಚ್ಚಿಕೊಂಡ.

ತಮಾಷೆ ಏನಂದ್ರೆ ಲೆಕ್ಕ ಇಡೋದ್ರಲ್ಲಿ ನಾವು ಕಡಿಮೆ ಇಲ್ಲ. ಫೈರಿಂಗ್ ಆದ ಮೇಲೆ ಒಂದೊಂದು ಖಾಲಿ ಕೇಸನ್ನೂ ಹೆಕ್ಕಿ ಎಣಿಸಿ ವಾಪಸ್ ಕೊಡಬೇಕು. ನಾನು ಹೋಗಿದ್ದ ಕ್ಯಾಂಪಿನಲ್ಲಿ ಒಂದು ಕೇಸ್ ಕಮ್ಮಿ ಬಂತು ಅಂತ ಸಂಜೆವರೆಗೆ ಹುಲ್ಲು ಕೆದಕಿಸಿದ್ದರು. ಚುನಾವಣೆ ಬಂತು ಅಂದ್ರೆ ಊರಿನಲ್ಲಿ ಹಂದಿ ಓಡಿಸೋಕೆ ಇಟ್ಟುಕೊಂಡ ಒಂಟಿ ನಳಿಗೆ ಕೋವಿಯನ್ನೂ ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರಬೇಕು. ಹಿತ್ತಾಳೆ ಎಲ್ಲಿ ಹೋಯ್ತು, ಕೋವಿ ಯಾರ ಹತ್ತಿರ ಇದೆ ಅನ್ನೋ ಎರಡು ಪ್ರಶ್ನೆಗೂ ನಮ್ಮಲ್ಲಿ ರಿಜಿಸ್ಟರ್ ಇದೆ. ಆ ಕ್ಯಾಂಪಿನಲ್ಲಿ ಯಾವ ಬಟ್ ನಂಬರಿನಿಂದ ಇವತ್ತು ಎಷ್ಟು ಗುಂಡು ಹೋಯ್ತು ಅಂತ ಯಾರೂ ಬರೆದಿದ್ದನ್ನ ನಾನು ನೋಡಲಿಲ್ಲ.

ಈಗ ಸೇನೆ ಮತ್ತೆ 7.62ರ ಕಡೆ ತಿರುಗಿದೆ. 2019ರಲ್ಲಿ ಅಮೆರಿಕದಿಂದ 72,400 ಸಿಗ್ 716 ಕೋವಿಗಳಿಗೆ ಒಪ್ಪಂದ ಆಯ್ತು. ಅಮೇಠಿಯ ಕೊರ್ವಾದಲ್ಲಿ ಎಕೆ-203 ತಯಾರಾಗ್ತಿದೆ. ನಮ್ಮ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ಸ್ನೈಪರ್ ಕೋವಿ ಮಾಡ್ತಿದೆ. ಕ್ಯಾಂಟೀನಿನಲ್ಲಿ ಹೊಸ ಗಂಡುಗಲಿಗಳ ಚರ್ಚೆ ಆಗಲೇ ಶುರುವಾಗಿದೆ. ಯಾರಾದರೂ "ಇದು ಕೈಕೊಡಲ್ಲ" ಅಂದ್ರೆ ನಾನು ಕೇಳೋದು ಎರಡೇ: ಎಷ್ಟು ಗುಂಡು ಆದ ಮೇಲೆ? ಆಗ ಗ್ರೂಪ್ ಎಷ್ಟಿತ್ತು?

ಆಯ್ಕೆ ನ್ಯಾಯವಾಗಿ ನಡೆಯೋಕೆ ಏನು ಬೇಕು ಅಂತ ಮಾಮನನ್ನ ಕೇಳಿದೆ. ಅವರು ಹೊಸ ಕೋವಿ ಕೇಳಲಿಲ್ಲ. ಆಯ್ಕೆಯ ಹಿಂದಿನ ದಿನ ಕೋತಿನಿಂದ 20 ಕೋವಿ ತೆಗೆದು, ಮರಳಚೀಲದ ಮೇಲೆ ಒರಗಿಸಿ, ಒಬ್ಬನೇ ಒಳ್ಳೆ ಹೊಡೆತಗಾರ 100 ಗಜದಲ್ಲಿ ಒಂದೊಂದರಿಂದ ಐದು ಗುಂಡು ಹೊಡೀಬೇಕು. ಹೊಸ ಎಸ್‌ಎಲ್‌ಆರ್, ಸಾಮಾನ್ಯ ಮದ್ದು ಆದರೆ ಸುಮಾರು ನಾಲ್ಕು ಅಂಗುಲದೊಳಗೆ ಕೂರುತ್ತೆ. ಎಂಟು ಅಂಗುಲ ಆದರೆ 300 ಗಜದಲ್ಲಿ ಅದು ಎರಡು ಅಡಿ. ಅಂಥ ಕೋವಿ ಪಕ್ಕಕ್ಕೆ ಇಡಿ. ಉಳಿದವುಗಳ ಗ್ರೂಪ್ ಎಷ್ಟು, ರೆಗ್ಯುಲೇಟರ್ ಯಾವ ಅಂಕಿಯಲ್ಲಿದೆ ಅಂತ ಒಂದು ಚೀಟಿ ಬರೆದು ಬಟ್‌ಗೆ ಕಟ್ಟಿ. ಹೊಡೆಯೋವನು ಓದಿಕೊಳ್ಳಲಿ.

"ಖರ್ಚು ಎಷ್ಟಾಗುತ್ತೆ ಮಾಮ?"

"ನೂರ್ ಗುಂಡು. ಐದ್ ಮ್ಯಾಗಜೀನ್. ಮತ್ತೆ ಒಂದ್ ಮಧ್ಯಾಹ್ನ."